‘ರನ್’ ಪದವನ್ನು ಉರು ಹೊಡೆಯದೆ ಕಲಿಯುವ ಬಗೆ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ಮಂಡ್ಯದಲ್ಲಿ ನನ್ನ ಸಂಜೆ ಪಾಠಕ್ಕೆ ಬರುವ ಹುಡುಗರು ಇದನ್ನು ಕೇಳಿದೊಡನೆ ನೋಟ್‌ಬುಕ್ ತೆಗೆದು ಒಂದು, ಎರಡು ಎಂದು ಅಂಕಿ ಹಾಕತೊಡಗುತ್ತಾರೆ. ನಾನು ಮೊದಲು ಆ ನೋಟ್‌ಬುಕ್ ಮುಚ್ಚಿಸುತ್ತೇನೆ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಪಟ್ಟಿ ಬರುತ್ತದೆ, ವಾಕ್ಯ ಬರುವುದಿಲ್ಲ.

ಪಟ್ಟಿಯ ಬದಲು, ‘ರನ್’ ಇರುವ ವಾಕ್ಯದ ಕರ್ತೃಪದದ ಮೇಲೆ ಬೆರಳಿಟ್ಟು, ಅದು ಕನ್ನಡದಲ್ಲಿ ಏನು ಮಾಡುತ್ತದೆ ಎಂದು ಕೇಳಿಕೊಳ್ಳಿ. ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಇಲ್ಲಿ ಎರಡು ಭಾಷೆಗೂ ಜಗಳವಿಲ್ಲ. ಮೂಗಾದರೆ ಸುರಿಯುತ್ತದೆ, ಹೊಸ ಬಟ್ಟೆಯಾದರೆ ಬಣ್ಣ ಬಿಡುತ್ತದೆ, ಕಾರ್ಖಾನೆಯಾದರೆ ನಡೆಯುತ್ತದೆ. ಕೆಲವು ವರ್ಷ ನಿಂತಿದ್ದ ನಮ್ಮ ಸಕ್ಕರೆ ಕಾರ್ಖಾನೆ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ನುರಿಸತೊಡಗಿದಾಗ ‘ದ ಫ್ಯಾಕ್ಟರಿ ಈಸ್ ರನ್ನಿಂಗ್ ಅಗೇನ್’ ಎಂದು ಬರೆಸಿದೆ. “ಎಲ್ಲಿಗೆ ಓಡಿತು ಸಾರ್?” ಎಂದು ಕೇಳಿದ ತಲೆಹರಟೆ ಆಮೇಲೆ ಆ ಪ್ರಯೋಗವನ್ನು ಮರೆಯಲೇ ಇಲ್ಲ.

ನಾಲೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕೆ.ಆರ್.ಎಸ್.ನಿಂದ ನೀರು ಬಿಟ್ಟಾಗ ‘ವಾಟರ್ ಈಸ್ ರನ್ನಿಂಗ್ ಇನ್ ದ ಕೆನಾಲ್’ ಎನ್ನುತ್ತೇವೆ, ನೀರು ಹರಿಯುತ್ತಿದೆ. ಆದರೆ ‘ದ ಕೆನಾಲ್ ರನ್ಸ್ ಪಾಸ್ಟ್ ಅವರ್ ವಿಲೇಜ್’ ಎಂಬ ಮಾತು ಅದೇ ಅಣೆಕಟ್ಟೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹನಿ ನೀರಿಲ್ಲದ ಬೇಸಿಗೆಯಲ್ಲೂ ನಿಜ. ಅಲ್ಲಿ ಹರಿವಿನ ಮಾತಿಲ್ಲ, ನಾಲೆ ಊರ ಪಕ್ಕ ಹಾದುಹೋಗುತ್ತದೆ ಎಂದಷ್ಟೇ ಅರ್ಥ. ರಸ್ತೆ, ಬೇಲಿ, ವಿದ್ಯುತ್ ತಂತಿ ಎಲ್ಲಕ್ಕೂ ಹೀಗೆಯೇ. ಇದ್ದಲ್ಲೇ ಇರುವ ಇಂಥವುಗಳಿಗೆ ‘ರನ್ಸ್’ ಹಾಕಿ, ‘ಈಸ್ ರನ್ನಿಂಗ್’ ಬೇಡ.

ಇನ್ನು ನಮ್ಮ ‘ಸು’ ಪ್ರತ್ಯಯ. ನಡೆ ಎನ್ನುವುದು ನಡೆಸು ಆಗುತ್ತದೆ, ಓಡು ಎನ್ನುವುದು ಓಡಿಸು ಆಗುತ್ತದೆ. ಇಂಗ್ಲಿಷಿಗೆ ಆ ಸೌಕರ್ಯವಿಲ್ಲ. ‘ದ ಪಂಪ್ ರನ್ಸ್’, ‘ಐ ರನ್ ದ ಪಂಪ್’: ಕೆಲಸ ಎರಡು, ಪದ ಒಂದೇ. ಹಾಗಾಗಿ ‘ರನ್’ ಆದ ಮೇಲೆ ನೇರವಾಗಿ ನಾಮಪದ ಬಂದರೆ ಮನಸ್ಸಿನಲ್ಲೇ ‘ಸು’ ಸೇರಿಸಿ ನೋಡಿ. ಹೋಟೆಲ್ ನಡೆಸುತ್ತಾರೆ, ಸಂಘ ನಡೆಸುತ್ತಾರೆ. ‘ರನ್ ಎ ಫೀವರ್’ನಂಥವು ಈ ಉಪಾಯಕ್ಕೆ ಬಗ್ಗುವುದಿಲ್ಲ. ಜ್ವರವನ್ನು ಯಾರೂ ನಡೆಸುವುದಿಲ್ಲ, ಅದು ಬರುತ್ತದೆ. ಸಕ್ಕರೆ ಕಾಯಿಲೆ ‘ರನ್ಸ್ ಇನ್ ದ ಫ್ಯಾಮಿಲಿ’ ಎಂದರೆ ವಂಶದಲ್ಲೇ ಇದೆ ಎಂದು. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಉದಾಹರಣೆ ಹುಡುಕಿಕೊಡಬೇಕಾಗಿಲ್ಲ.

ನಿಜವಾದ ಅಪಾಯವಿರುವುದು ಬಾಲದಲ್ಲಿ, ಅಂದರೆ ‘ರನ್’ ಆದ ಮೇಲೆ ಬರುವ ‘ಇಂಟು’, ‘ಓವರ್’ನಂಥ ಪುಟ್ಟ ಪದಗಳಲ್ಲಿ. ‘ಐ ರ್‍ಯಾನ್ ಇಂಟು ಮೈ ಅಂಕಲ್’ ಎಂದರೆ ಸಂತೆಯಲ್ಲಿ ಚಿಕ್ಕಪ್ಪ ಅಕಸ್ಮಾತ್ತಾಗಿ ಸಿಕ್ಕಿದರು. ‘ಐ ರ್‍ಯಾನ್ ಓವರ್ ಮೈ ಅಂಕಲ್’ ಎಂದರೆ ಅವರ ಮೇಲೆ ಗಾಡಿ ಹರಿಸಿದಿರಿ, ಪೊಲೀಸರು ಬರುತ್ತಾರೆ. ಅದೇ ‘ಇಂಟು’ ಮುಂದೆ ಚಿಕ್ಕಪ್ಪನ ಬದಲು ಮರ ಬಂದರೆ ಡಿಕ್ಕಿ. ಮನೆಯಲ್ಲಿ ಸಕ್ಕರೆ ಮುಗಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’. ಸಕ್ಕರೆ ಹೇಳಬೇಕಾದರೆ ‘ಆಫ್’ ಬಿಡಬೇಡಿ. ‘ಹ್ಯಾವ್’ ಪಕ್ಕದಲ್ಲಿ ‘ರ್‍ಯಾನ್’ ಬರೆಯುವವರ ಉತ್ತರಪತ್ರಿಕೆಗೆ ನಾನು ಕೆಂಪು ಶಾಯಿಯನ್ನು ಧಾರಾಳವಾಗಿ ಖರ್ಚು ಮಾಡುತ್ತೇನೆ.

ಚುನಾವಣೆಯಲ್ಲಿ ಅಮೆರಿಕದವರು ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಎನ್ನುತ್ತಾರೆ. ನಮ್ಮ ಲೋಕಸಭಾ ಕ್ಷೇತ್ರದ ಬಗ್ಗೆ ಬರೆಯುವಾಗ ಎರಡರ ಗೊಡವೆಯೂ ಬೇಡ, ಇಲ್ಲಿನ ಇಂಗ್ಲಿಷ್ ಪತ್ರಿಕೆಗಳಂತೆ ‘ಕಂಟೆಸ್ಟ್’ ಎಂದು ಬರೆಯಿರಿ.