ಪ್ರಬಂಧದ ಬಗೆಗಳನ್ನು ಗುರುತಿಸಲು ಮತ್ತು ಬರೆಯಲು ಮಕ್ಕಳಿಗೆ ಕಲಿಸುವುದು ಹೇಗೆ? ಕೊಡಗಿನ ಕನ್ನಡ ಶಿಕ್ಷಕರಿಗೆ ಒಂದು ಕೈಪಿಡಿ

ಪ್ರೌಢಶಾಲೆಯ ಒಂದು ತರಗತಿಯ ಪ್ರಬಂಧಗಳನ್ನೆಲ್ಲ ಒಟ್ಟಿಗೆ ಕುಳಿತು ಓದಿದ ಯಾವ ಶಿಕ್ಷಕರಿಗಾದರೂ ಒಂದು ಸಂಗತಿ ಕಣ್ಣಿಗೆ ಬಿದ್ದಿರುತ್ತದೆ. ವಿಷಯ ‘ನಾನು ಕಂಡ ಪುತ್ತರಿ’ ಎಂದಿರಲಿ, ‘ಕಾಫಿ ಬೆಳೆ’ ಎಂದಿರಲಿ, ‘ತೋಟಕ್ಕೆ ನುಗ್ಗುವ ಕಾಡಾನೆಗಳಿಗೆ ಪರಿಹಾರವೇನು’ ಎಂದಿರಲಿ, ಬರಹದ ನಡೆ ಮಾತ್ರ ಒಂದೇ ಆಗಿರುತ್ತದೆ: ವಿಷಯದ ಮಹತ್ವವನ್ನು ಸಾರುವ ಎರಡು ಸಾಲಿನ ಪೀಠಿಕೆ, ಗೈಡಿನಿಂದ ನೆನಪಿಗೆ ಬಂದಷ್ಟು ಮಾಹಿತಿ, ಕೊನೆಗೆ ‘ಇದನ್ನು ಉಳಿಸಿ ಬೆಳೆಸುವುದು ನಮ್ಮೆಲ್ಲರ ಕರ್ತವ್ಯ’ ಎಂಬ ಉಪಸಂಹಾರ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳು ಮಕ್ಕಳಿಗೆ ಬಾಯಿಪಾಠವಾಗಿವೆ. ಆದರೆ ಈ ಮೂರು ಅಂಗಗಳ ಒಳಗೆ ಬರಹವು ಓದುವವರಿಗಾಗಿ ಯಾವ ಕೆಲಸವನ್ನು ಮಾಡಿಕೊಡಬೇಕು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಪ್ರಬಂಧದ ಬಗೆಯನ್ನು ತೀರ್ಮಾನಿಸುವುದು ಆ ಕೆಲಸವೇ ಹೊರತು ವಿಷಯವಲ್ಲ.

ವ್ಯಾಕರಣ ಪುಸ್ತಕಗಳಲ್ಲಿ ಕಥನಾತ್ಮಕ, ವರ್ಣನಾತ್ಮಕ, ವಿವರಣಾತ್ಮಕ, ಚಿಂತನಾತ್ಮಕ, ಚರ್ಚಾತ್ಮಕ, ಆತ್ಮಕಥನಾತ್ಮಕ, ಹರಟೆ ಎಂದು ಉದ್ದನೆಯ ಪಟ್ಟಿ ಸಿಗುತ್ತದೆ, ಮತ್ತು ಈ ಪಟ್ಟಿ ಒಂದು ಪುಸ್ತಕದಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಅದನ್ನು ಕಂಠಪಾಠ ಮಾಡಿಸುವುದರಿಂದ ಒಂದು ಅಂಕದ ಪ್ರಶ್ನೆಗೆ ಉತ್ತರ ಸಿಕ್ಕೀತೇ ವಿನಾ ಬರವಣಿಗೆ ಬದಲಾಗುವುದಿಲ್ಲ. ಎಂಟನೆಯ ತರಗತಿಯಲ್ಲಿ ಆರಂಭಿಸುವುದಾದರೆ ನಾಲ್ಕು ಬಗೆಗಳು ಸಾಕು: ನಡೆದುದನ್ನು ಹೇಳುವ ಕಥನ, ಕಂಡುದನ್ನು ಕಾಣಿಸುವ ವರ್ಣನೆ, ಹೇಗೆ ಮತ್ತು ಏಕೆ ಎಂಬುದನ್ನು ತಿಳಿಸುವ ವಿವರಣೆ, ಒಂದು ನಿಲುವನ್ನು ಒಪ್ಪಿಸಲು ಯತ್ನಿಸುವ ವಾದ. ಉಳಿದವುಗಳಲ್ಲಿ ಹೆಚ್ಚಿನವು ಈ ನಾಲ್ಕರ ಬೆರಕೆ.

ಒಂದೇ ವಿಷಯದ ನಾಲ್ಕು ತುಣುಕುಗಳು

ಗುರುತಿಸುವುದನ್ನು ಕಲಿಸಲು ಎಲ್ಲ ಮಕ್ಕಳಿಗೂ ಪರಿಚಯವಿರುವ ಒಂದೇ ವಿಷಯವನ್ನು ಆರಿಸಿಕೊಂಡು, ಅದರ ಮೇಲೆ ನಾಲ್ಕು ಸಣ್ಣ ತುಣುಕುಗಳನ್ನು ಶಿಕ್ಷಕರೇ ಬರೆದು ಬೇರೆ ಬೇರೆ ಚೀಟಿಗಳಲ್ಲಿ ಕೊಡಬೇಕು. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಹೂಮಳೆಗಿಂತ, ಅಂದರೆ ಕಾಫಿಯ ಹೂ ಅರಳಿಸುವ ಮಳೆಗಿಂತ, ಒಳ್ಳೆಯ ವಿಷಯ ಬೇಕಿಲ್ಲ. ಮೊದಲನೆಯ ಚೀಟಿ: ‘ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮೋಡ ಕವಿಯಿತು. ಕಣದಲ್ಲಿ ಹರಡಿದ್ದ ಕಾಫಿಗೆ ಟಾರ್ಪಾಲು ಎಳೆಯಿರೆಂದು ಅಪ್ಪ ಕೂಗಿದರು. ನಾವು ಓಡುವಷ್ಟರಲ್ಲಿ ಹನಿ ಶುರುವಾಗಿತ್ತು.’ ಎರಡನೆಯದು: ‘ರೆಂಬೆಯ ಗೆಣ್ಣುಗೆಣ್ಣಿಗೂ ಬಿಳಿಯ ಗೊಂಚಲು, ಎಲೆಯ ಹಸಿರು ಅಲ್ಲಲ್ಲಿ ಮಾತ್ರ ಇಣುಕುತ್ತದೆ. ಮಲ್ಲಿಗೆಯಂಥ ಪರಿಮಳ ತೋಟ ದಾಟಿ ರಸ್ತೆಯವರೆಗೂ ಬರುತ್ತದೆ.’ ಮೂರನೆಯದು: ‘ಫೆಬ್ರವರಿಯಿಂದ ಏಪ್ರಿಲ್ ನಡುವೆ ಬೀಳುವ ಈ ಮಳೆಯಿಂದ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿದ್ದ ಮೊಗ್ಗುಗಳು ಚಿಗಿತು, ಸುಮಾರು ಎಂಟು–ಹತ್ತು ದಿನಗಳಲ್ಲಿ ಅರಳುತ್ತವೆ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕಾದುದರಿಂದ, ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ.’ ನಾಲ್ಕನೆಯದು: ‘ಹೂಮಳೆಯನ್ನೇ ನಂಬಿ ಕೂರುವುದು ಇನ್ನು ಸಾಧ್ಯವಿಲ್ಲ, ಸಣ್ಣ ಬೆಳೆಗಾರರೂ ಕೆರೆ ತೋಡಿಸಿ ಸ್ಪ್ರಿಂಕ್ಲರ್ ಇಟ್ಟುಕೊಳ್ಳಬೇಕು. ಖರ್ಚು ಹೆಚ್ಚೆಂಬುದು ನಿಜವಾದರೂ, ಒಂದು ವರ್ಷ ಹೂ ಕೈಕೊಟ್ಟರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.’

ಈ ಹಂತದಲ್ಲಿ ಬಗೆಗಳ ಹೆಸರನ್ನು ಹೇಳಬಾರದು. ‘ಇದನ್ನು ಓದಿದ ಮೇಲೆ ನಿನಗೆ ಏನು ಸಿಕ್ಕಿತು?’ ಎಂದು ಮಾತ್ರ ಕೇಳಬೇಕು. ಮುಂದೇನಾಯಿತು ಎಂಬ ಕುತೂಹಲ, ಕಣ್ಣ ಮುಂದೆ ನಿಂತ ಚಿತ್ರ, ಗೊತ್ತಿಲ್ಲದ ಕಾರಣ, ಒಪ್ಪಬೇಕೋ ಬೇಡವೋ ಎಂಬ ಯೋಚನೆ – ಮಕ್ಕಳು ತಮ್ಮ ಮಾತಿನಲ್ಲಿ ಇವನ್ನೇ ಹೇಳುತ್ತಾರೆ. ಆ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದ ನಂತರ ಪಕ್ಕದಲ್ಲಿ ಹೆಸರುಗಳನ್ನು ಬರೆದರೆ ಹೆಸರು ಮರೆತರೂ ಗುರುತು ಉಳಿಯುತ್ತದೆ.

ಮರುದಿನ ಅದೇ ಚೀಟಿಗಳಲ್ಲಿ ಭಾಷೆಯ ಕುರುಹುಗಳನ್ನು ಹುಡುಕಿಸಬಹುದು. ಕಥನದಲ್ಲಿ ಭೂತಕಾಲದ ಕ್ರಿಯಾಪದಗಳೂ ‘ಆಮೇಲೆ, ಅಷ್ಟರಲ್ಲಿ, ಕೊನೆಗೆ’ ಎಂಬ ಕಾಲಸೂಚಕಗಳೂ ಹೆಚ್ಚು. ವರ್ಣನೆಯಲ್ಲಿ ‘ಎಡಕ್ಕೆ, ಆಚೆ, ಕೆಳಗೆ’ ಎಂಬ ಸ್ಥಳಸೂಚಕಗಳು ಬರುತ್ತವೆ. ವಿವರಣೆ ‘ಏಕೆಂದರೆ, ಆದುದರಿಂದ, ಹೀಗಾಗಿ’ ಎಂಬ ಕೊಂಡಿಗಳ ಮೇಲೆ ನಿಂತಿರುತ್ತದೆ. ವಾದದಲ್ಲಿ ‘ಬೇಕು, ಬಾರದು, ಆದರೂ, ಹಾಗೆಂದ ಮಾತ್ರಕ್ಕೆ’ ಎಂಬುವು ಮತ್ತೆ ಮತ್ತೆ ಕಾಣುತ್ತವೆ. ಆದರೆ ಕುರುಹನ್ನು ಮಾತ್ರ ನಂಬಿದ ವಿದ್ಯಾರ್ಥಿ ‘ಆದುದರಿಂದ’ ಕಂಡಲ್ಲೆಲ್ಲ ವಿವರಣೆ ಎಂದು ಬರೆದುಬಿಡುತ್ತಾನೆ. ಹೀಗಾಗಿ ಬೆರಕೆಯ ಬರಹವೊಂದನ್ನೂ ಕೊಡಬೇಕು. ಆನೆ ಎದುರಾದ ಪ್ರಸಂಗದ ನಡುವೆ ದಾರಿಯ ವರ್ಣನೆ ನಾಲ್ಕು ಸಾಲು ಬಂದಿದ್ದರೆ, ಆ ನಾಲ್ಕು ಸಾಲನ್ನು ಬೆರಳಿನಿಂದ ಮುಚ್ಚಿ ಓದಲು ಹೇಳಿ. ಮುಚ್ಚಿದರೂ ಬರಹ ನಿಲ್ಲುತ್ತದೆಯಾದರೆ ವರ್ಣನೆ ಅಲ್ಲಿ ಊಳಿಗಕ್ಕೆ ಬಂದದ್ದು. ಬರಹದ ಯಜಮಾನಿಕೆ ಕಥನದ್ದು.

ಪ್ರಶ್ನೆಯನ್ನು ಓದಿ ಬಗೆಯನ್ನು ಗುರುತಿಸುವುದು ಇದಕ್ಕಿಂತ ಕಷ್ಟ, ಏಕೆಂದರೆ ಪ್ರಶ್ನೆಪತ್ರಿಕೆಯಲ್ಲಿ ಅನೇಕ ಸಲ ಬರಿಯ ಶೀರ್ಷಿಕೆ ಮಾತ್ರ ಇರುತ್ತದೆ. ‘ತಲಕಾವೇರಿ ತೀರ್ಥೋದ್ಭವ’ ಎಂಬ ಶೀರ್ಷಿಕೆಗೆ ಬಾಲ ಸೇರಿಸುವ ಆಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ನಾನು ಅಜ್ಜಿಯೊಡನೆ ಹೋದಾಗ’ ಎಂದು ಸೇರಿಸಿದರೆ ಕಥನ. ‘ಅಕ್ಟೋಬರದ ತುಲಾ ಸಂಕ್ರಮಣದಂದೇ ಏಕೆ’ ಎಂದರೆ ವಿವರಣೆ. ‘ಆ ದಿನ ವಾಹನಗಳನ್ನು ಭಾಗಮಂಡಲದಲ್ಲೇ ನಿಲ್ಲಿಸಬೇಕೆ’ ಎಂದರೆ ವಾದ. ಪರೀಕ್ಷೆಯಲ್ಲಿ ಬರಿಯ ಶೀರ್ಷಿಕೆ ಬಂದಾಗ ವಿದ್ಯಾರ್ಥಿಯು ತನಗೆ ಹೊಂದುವ ಬಾಲವನ್ನು ಮನಸ್ಸಿನಲ್ಲಿ ಸೇರಿಸಿಕೊಂಡೇ ಆರಂಭಿಸಬೇಕು.

ಬರೆಸುವಾಗ

ಕಥನದಿಂದ ಆರಂಭಿಸುವುದು ಲೇಸು; ಅದಕ್ಕೆ ಬೇಕಾದ ಸಾಮಗ್ರಿ ಪ್ರತಿಯೊಂದು ಮಗುವಿನ ಬಳಿಯೂ ಇದೆ. ಕಥನದ ದೊಡ್ಡ ದೋಷವೆಂದರೆ ಕಾಲವನ್ನು ಅತಿ ಅಗಲವಾಗಿ ಹಿಡಿಯುವುದು. ‘ಪುತ್ತರಿ ಕೊಡಗಿನ ಸುಗ್ಗಿ ಹಬ್ಬ. ಇದನ್ನು ಬಹಳ ಸಂಭ್ರಮದಿಂದ ಆಚರಿಸುತ್ತಾರೆ’ ಎಂದು ಬರೆದ ವಿದ್ಯಾರ್ಥಿಯನ್ನು ‘ಆ ರಾತ್ರಿಯ ಯಾವ ಗಳಿಗೆ ನಿನಗೆ ಚೆನ್ನಾಗಿ ನೆನಪಿದೆ? ನೀನು ಎಲ್ಲಿ ನಿಂತಿದ್ದೆ? ಕೈಯಲ್ಲಿ ಏನಿತ್ತು?’ ಎಂದು ಕೇಳಬೇಕು. ಆಗ ಬರುವ ಬರಹ ಹೀಗಿರಬಹುದು: ‘ಟಾರ್ಚು ಹಿಡಿಯುವ ಕೆಲಸ ನನ್ನದಾಗಿತ್ತು. ಕೋವಿಯ ಸದ್ದಿಗೆ ತಮ್ಮ ಕಿವಿ ಮುಚ್ಚಿಕೊಂಡ. ಮಾವ ಕದಿರು ಕೊಯ್ದಾಗ ಎಲ್ಲರೂ “ಪೊಲಿ ಪೊಲಿ ದೇವಾ” ಎಂದು ಕೂಗಿದರು. ಬೆಳಕು ಅಲುಗಬಾರದೆಂಬ ಚಿಂತೆಯಲ್ಲಿ ನಾನು ಕೂಗಲು ಮರೆತೆ.’ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದರೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ವಿಷಯ ಕೊಡುವಾಗ ಶಿಕ್ಷಕರು ತರಗತಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಐನ್‌ಮನೆಯಿಂದ, ಅಂದರೆ ಕುಲದ ಮೂಲಮನೆಯಿಂದ, ಬಂದ ಮಗುವಿನ ಪಕ್ಕದಲ್ಲೇ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದ ಮಗು ಕುಳಿತಿರುತ್ತದೆ. ಪುತ್ತರಿ ಒಬ್ಬರಿಗೆ ಮನೆಯ ಹಬ್ಬ, ಇನ್ನೊಬ್ಬರಿಗೆ ದೂರದಿಂದ ಕೇಳಿದ ದುಡಿಯ ಸದ್ದು. ದೂರದಿಂದ ಕೇಳಿದ್ದನ್ನು ಬರೆದರೂ ಅದು ಪೂರ್ಣ ಕಥನವೇ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಹಾಗೆಯೇ, 2018ರ ಆಗಸ್ಟ್‌ನ ಭೂಕುಸಿತದಂಥ ವಿಷಯವನ್ನು ಎಲ್ಲರಿಗೂ ಕಡ್ಡಾಯ ಮಾಡುವುದು ಸರಿಯಲ್ಲ. ಮನೆ ಕಳೆದುಕೊಂಡ ಕುಟುಂಬದ ಮಗು ತಾನಾಗಿ ಅದನ್ನು ಆರಿಸಿಕೊಂಡರೆ ಮಾತು ಬೇರೆ.

ಕೊಡಗಿನ ತರಗತಿಯ ಇನ್ನೊಂದು ವಿಶೇಷವೆಂದರೆ ಅನೇಕ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆಯೇ ಹೊರತು ಮನೆಯ ಭಾಷೆಯಲ್ಲ. ಮನೆಯಲ್ಲಿ ಕೊಡವ, ಅರೆಭಾಷೆ, ಮಲಯಾಳ, ತುಳು, ಎರವ ಮಾತನಾಡುವ ಮಕ್ಕಳು ಘಟನೆಯನ್ನು ಮೊದಲು ತಮ್ಮ ಭಾಷೆಯಲ್ಲಿ ಜೊತೆಗಾರರಿಗೆ ಹೇಳಿ, ಅನಂತರ ಕನ್ನಡದಲ್ಲಿ ಬರೆದರೆ ಬರಹಕ್ಕೆ ಉಸಿರು ಬರುತ್ತದೆ. ಕೆಲವು ತಪ್ಪುಗಳ ಮೂಲವೂ ಇಲ್ಲಿಯೇ ಇದೆ. ಮಲಯಾಳದ ಕ್ರಿಯಾಪದ ಲಿಂಗ–ವಚನಗಳಿಗೆ ತಕ್ಕಂತೆ ಬದಲಾಗುವುದಿಲ್ಲವಾದುದರಿಂದ, ಆ ಮಾತಿನ ಮಗು ಕನ್ನಡದಲ್ಲಿ ‘ಬಂದನು, ಬಂದಳು, ಬಂದರು’ ಎಂಬಲ್ಲಿ ತಡವರಿಸುವುದು ಸಹಜ. ಇದನ್ನು ಅಜಾಗರೂಕತೆ ಎಂದು ತಿಳಿಯಬಾರದು, ಮೊದಲ ಓದಿನಲ್ಲೇ ಕೆಂಪು ಶಾಯಿ ಹಚ್ಚಲೂಬಾರದು.

ವರ್ಣನೆಗೆ ಎರಡು ನಿಯಮಗಳು ಸಾಕು. ನೋಟಕ್ಕೆ ಒಂದು ಕ್ರಮವಿರಬೇಕು, ಮತ್ತು ‘ಸುಂದರ, ರಮಣೀಯ, ಅದ್ಭುತ’ ಎಂಬ ಪದಗಳನ್ನು ಬಳಸಕೂಡದು. ‘ದಕ್ಷಿಣದ ಕಾಶ್ಮೀರ’, ‘ಭಾರತದ ಸ್ಕಾಟ್ಲೆಂಡ್’ ಎಂಬ ಮಾತುಗಳನ್ನೂ ಇದೇ ನಿಷೇಧದ ಪಟ್ಟಿಗೆ ಸೇರಿಸುವುದು ಒಳ್ಳೆಯದು. ಅವು ಪ್ರವಾಸದ ಜಾಹೀರಾತಿಗೆ ಒಪ್ಪುತ್ತವೆ, ಹತ್ತನೆಯ ತರಗತಿಯ ನೋಟ್‌ಬುಕ್ಕಿಗಲ್ಲ. ರಾಜಾಸೀಟಿನ ಸೂರ್ಯಾಸ್ತಕ್ಕಿಂತ ಜುಲೈ ತಿಂಗಳ ಶಾಲೆಯ ಜಗಲಿ ಉತ್ತಮ ವಿಷಯ: ಸಾಲಾಗಿ ಬಿಚ್ಚಿಟ್ಟ ಒದ್ದೆ ಕೊಡೆಗಳು, ಕಂಬಿಗೆ ನೇತುಹಾಕಿದ ರೈನ್‌ಕೋಟು, ಹೆಂಚಿನಿಂದ ಇಳಿಯುವ ನೀರಿನ ಸದ್ದಿಗೆ ಕೇಳಿಸದ ಪಾಠ. ಕಣ್ಣೆದುರು ಇರುವುದನ್ನು ಬರೆಯುವಾಗ ಗೈಡಿನ ನೆರವು ಸಿಗುವುದಿಲ್ಲ ಎಂಬುದೇ ಅದರ ಲಾಭ.

ವಿವರಣೆಯಲ್ಲಿ ಮಕ್ಕಳು ಎಡವುವುದು ತಮಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ. ತೋಟದ ಮನೆಯ ಹುಡುಗಿ ‘ಹಣ್ಣನ್ನು ಪಲ್ಪಿಂಗ್ ಮಾಡಿ ಒಣಗಿಸುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾಳೆ. ಸಿಪ್ಪೆ ಬಿಡಿಸಿದ ಬೀಜಕ್ಕೆ ಅಂಟಿಕೊಂಡ ಲೋಳೆ ಹುಳಿಸಿದ ಮೇಲೆ ಬಿಡುತ್ತದೆ, ಅನಂತರ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದ್ದು ಚೆರಿ ಎಂಬುದನ್ನು ಬರೆಯುವ ಅಗತ್ಯವೇ ಅವಳಿಗೆ ತೋರುವುದಿಲ್ಲ. ಅವಳ ಬರಹವನ್ನು ಪೇಟೆಯಲ್ಲೇ ಬೆಳೆದ ಸಹಪಾಠಿಗೆ ಕೊಟ್ಟು, ಓದುತ್ತಾ ಹಂತಗಳ ಚಿತ್ರ ಬಿಡಿಸಲು ಹೇಳಬೇಕು. ಚಿತ್ರ ನಿಂತುಹೋದ ಜಾಗದಲ್ಲಿ ವಾಕ್ಯವೊಂದು ಕಾಣೆಯಾಗಿದೆ ಎಂದರ್ಥ.

ವಾದಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ವಾಕ್ಯ ನಮ್ಮ ಮಕ್ಕಳನ್ನು ಯೋಚಿಸುವ ಕಷ್ಟದಿಂದ ಪಾರು ಮಾಡಿಬಿಡುತ್ತದೆ. ನಿಲುವನ್ನು ಒಂದೇ ವಾಕ್ಯದಲ್ಲಿ ಹೇಳಿಸಿ, ಅದರಲ್ಲಿ ಯಾರು, ಏನು, ಎಲ್ಲಿ, ಏಕೆ ಎಂಬ ನಾಲ್ಕೂ ಇರಲಿ: ‘ಕಾಡಂಚಿನ ತೋಟಗಳಿಗೆ ಆನೆ ಬಾರದಂತೆ ಅರಣ್ಯ ಇಲಾಖೆಯು ರೈಲ್ವೆ ಕಂಬಿಗಳ ತಡೆಬೇಲಿಯನ್ನು ಹಾಕಬೇಕು, ಏಕೆಂದರೆ ಕಂದಕಗಳು ಮಳೆಗಾಲದಲ್ಲಿ ಕುಸಿಯುತ್ತವೆ.’ ಇಷ್ಟಾದರೆ ವಾದಕ್ಕೆ ಬೆನ್ನುಮೂಳೆ ಬಂದಂತೆ. ಮುಂದಿನ ಹೆಜ್ಜೆಯಾಗಿ ತರಗತಿಯಲ್ಲಿ ಬೆಳೆಗಾರ, ಮುಂಜಾನೆ ಕೆಲಸಕ್ಕೆ ನಡೆದು ಹೋಗುವ ಕಾರ್ಮಿಕ ಮಹಿಳೆ, ಅರಣ್ಯ ರಕ್ಷಕ ಎಂದು ಪಾತ್ರಗಳನ್ನು ಹಂಚಿ, ಪ್ರತಿಯೊಬ್ಬರೂ ತಮ್ಮ ಮಾತನ್ನು ಹೇಳಲಿ. ‘ತೋಟದೊಳಗೇ ನೆಲೆಸಿಬಿಟ್ಟಿರುವ ಆನೆಗಳನ್ನು ಬೇಲಿ ಏನು ಮಾಡುತ್ತದೆ? ಅವು ಒಳಗೇ ಸಿಕ್ಕಿಬೀಳುವುದಿಲ್ಲವೇ?’ ಎಂಬ ಪ್ರಶ್ನೆ ಬಂದಾಗ ಮೊದಲು ಬರೆದ ವಾಕ್ಯ ಅಲುಗಾಡುತ್ತದೆ. ಪ್ರಬಂಧದಲ್ಲಿ ಈ ಎದುರು ಮಾತಿಗೆ ಒಂದು ಪೂರ್ಣ ಪ್ಯಾರಾ ಮೀಸಲಿಡಬೇಕು. ಮತ್ತು ಅದನ್ನು ಎದುರು ಪಕ್ಷದ ವಿದ್ಯಾರ್ಥಿಗೆ ಓದಿ ಹೇಳಿ, ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಅವನು ಒಪ್ಪಿದ ಮೇಲೆಯೇ ಅದಕ್ಕೆ ಉತ್ತರ ಬರೆಯಬೇಕು. ದುರ್ಬಲಗೊಳಿಸಿದ ಎದುರು ಮಾತನ್ನು ಸೋಲಿಸುವುದು ಸುಲಭ, ಆದರೆ ಓದುಗರು ಅದಕ್ಕೆ ಮೋಸಹೋಗುವುದಿಲ್ಲ. ಕೊನೆಯಲ್ಲಿ ನಿಲುವು ಬದಲಾದರೆ ಬದಲಾಗಲಿ. ‘ಕಂಬಿಯ ಬೇಲಿಗೆ ಮೊದಲು ಒಳಗಿರುವ ಆನೆಗಳನ್ನು ಕಾಡಿಗೆ ಮರಳಿಸಬೇಕು’ ಎಂಬ ತಿದ್ದಿದ ನಿಲುವು ಮೊದಲಿನದಕ್ಕಿಂತ ಗಟ್ಟಿ.

ಆತ್ಮಕಥನಾತ್ಮಕ ಪ್ರಬಂಧ ಬೇರೊಬ್ಬರ ಬಾಯಿಂದ ಹೇಳಿಸಿದ ಕಥನವಷ್ಟೆ. ‘ಕಾವೇರಿಯ ಆತ್ಮಕಥೆ’ಯಲ್ಲಿ ನದಿ ತಲಕಾವೇರಿಯಿಂದ ಒಂದೇ ಜಿಗಿತಕ್ಕೆ ಕನ್ನಂಬಾಡಿ ಕಟ್ಟೆಗೆ ಹೋಗದಂತೆ, ಭಾಗಮಂಡಲದಲ್ಲಿ ಕನ್ನಿಕೆ ಹೊಳೆಯನ್ನು ಕೂಡಿ ಕುಶಾಲನಗರವನ್ನು ಹಾದು ಹೋಗುವಂತೆ ನೋಡಿಕೊಂಡರೆ ಸಾಕು. ಹರಟೆಯನ್ನು ಕಲಿಸಲು ಅವಸರ ಬೇಡ. ಅದು ಸಲೀಸಾಗಿ ಕಾಣುವುದರಿಂದಲೇ ಎಲ್ಲಕ್ಕಿಂತ ಕಷ್ಟ. ಬರೆಯುವ ಹುಮ್ಮಸ್ಸಿರುವವರಿಗೆ ಬಿಟ್ಟುಕೊಡಬಹುದು, ಅಂಕ ಹಾಕುವುದು ಬೇಡ.

ತಿದ್ದುವಾಗ

ಎಲ್ಲ ಬಗೆಗಳನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಇಷ್ಟೆಲ್ಲ ಕಲಿಸಿದ್ದು ವ್ಯರ್ಥವಾಗುತ್ತದೆ. ಕಥನದಲ್ಲಿ ಗಳಿಗೆ ಸ್ಪಷ್ಟವಾಗಿದೆಯೇ, ವರ್ಣನೆಯಲ್ಲಿ ನೋಟಕ್ಕೆ ಕ್ರಮವಿದೆಯೇ, ವಿವರಣೆಯಲ್ಲಿ ಕೊಂಡಿ ತಪ್ಪಿದೆಯೇ, ವಾದದಲ್ಲಿ ಎದುರು ಮಾತಿಗೆ ನ್ಯಾಯ ಸಿಕ್ಕಿದೆಯೇ – ಮೊದಲ ಓದಿನಲ್ಲಿ ಆಯಾ ಬಗೆಗೆ ಸಲ್ಲುವ ಈ ಒಂದು ಪ್ರಶ್ನೆಯನ್ನೇ ಕೇಳಿ ಅಂಚಿನಲ್ಲಿ ಒಂದು ವಾಕ್ಯ ಬರೆಯಬೇಕು. ಕಾಗುಣಿತ, ಒತ್ತಕ್ಷರ, ಲಿಂಗ–ವಚನಗಳ ತಿದ್ದುಪಡಿ ಎರಡನೆಯ ಓದಿಗೆ ಇರಲಿ. ನೋಟ್‌ಬುಕ್ಕು ಮರಳಿ ಕೊಡುವಾಗ, ಇಡೀ ಪ್ರಬಂಧವನ್ನು ಮತ್ತೆ ಬರೆಸುವ ಬದಲು ಒಂದು ಪ್ಯಾರಾವನ್ನು ಮಾತ್ರ ಬೇರೊಂದು ಬಗೆಗೆ ತಿರುಗಿಸಲು ಹೇಳಬಹುದು. ಪುತ್ತರಿಯ ಕಥನ ಬರೆದವಳು ಕದಿರು ತೆಗೆಯುವ ಕ್ರಮವನ್ನು ಊರಿಗೆ ಹೊಸಬರಾದ ಸಹಪಾಠಿಗೆ ತಿಳಿಸುವ ವಿವರಣೆಯಾಗಿ ಬರೆಯಲಿ. ಪರೀಕ್ಷೆ ಹತ್ತಿರವಾದಾಗ ಹಳೆಯ ಪ್ರಶ್ನೆಪತ್ರಿಕೆಗಳ ಶೀರ್ಷಿಕೆಗಳನ್ನು ಹಲಗೆಯ ಮೇಲೆ ಬರೆದು, ಪ್ರಬಂಧ ಬರೆಸದೆ, ಪ್ರತಿಯೊಂದಕ್ಕೂ ಬಗೆ, ಬಾಲ ಮತ್ತು ಮೊದಲ ವಾಕ್ಯವನ್ನಷ್ಟೇ ಬರೆಸಿದರೆ ಒಂದು ಪೀರಿಯಡ್ಡಿನಲ್ಲಿ ಎಂಟು–ಹತ್ತು ಶೀರ್ಷಿಕೆಗಳ ಅಭ್ಯಾಸ ಮುಗಿಯುತ್ತದೆ.