ಪಾರ್ಕ್ ಸುತ್ತಾಟ: ಮಕ್ಕಳು ಅಳೋಕೆ ಮುಂಚೆ ಕೂರಿಸಿ

ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ಸಮಯವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಮನೆಯಲ್ಲೂ ಊಟ ಮುಗಿಸಿ, ಕಿಟಕಿ ಮುಚ್ಚಿ ಅಡ್ಡಾಗುತ್ತೇವೆ. ಅದೇ ಹೈದರಾಬಾದಿನ ವಂಡರ್‌ಲಾಗೋ ರಾಮೋಜಿ ಫಿಲ್ಮ್ ಸಿಟಿಗೋ ಹೋದರೆ? ಟಿಕೆಟ್ ದುಡ್ಡು ವಸೂಲಾಗಬೇಕು ಅಂತ ಮಟಮಟ ಮಧ್ಯಾಹ್ನ ಮಕ್ಕಳನ್ನು ಕ್ಯೂನಲ್ಲಿ ನಿಲ್ಲಿಸುತ್ತೇವೆ.

ನಾನೂ ಹಾಗೆ ಮಾಡಿದವಳೇ. ಒಂದು ಪಾರ್ಕ್‌ನಲ್ಲಿ ಐದು ವರ್ಷದ ಮಗಳು ನನ್ನ ಸೊಂಟಕ್ಕೆ ತಲೆ ಆನಿಸಿ ನಿಂತಲ್ಲೇ ನಿದ್ದೆ ಹೋಗಿದ್ದಳು. ಕೈಯಲ್ಲಿದ್ದ ಐಸ್‌ಕ್ರೀಮ್ ಕರಗಿ ಚಪ್ಪಲಿ ಮೇಲೆ ತೊಟ್ಟಿಕ್ಕುತ್ತಿತ್ತು. ಸರದಿ ಬಂತೆಂದು ಎಬ್ಬಿಸಿದೆವು. ಆಗ ಶುರುವಾದ ಅಳು ಪಾರ್ಕಿಂಗ್‌ವರೆಗೂ ನಿಲ್ಲಲಿಲ್ಲ.

ಮೊದಲ ವಿಶ್ರಾಂತಿ ಹಿಂದಿನ ರಾತ್ರಿಯದು. ಕಲಬುರಗಿಯಿಂದ ಹುಮ್ನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದ್ ಮುಟ್ಟಲು 200 ಕಿ.ಮೀ.ಗೂ ಜಾಸ್ತಿ. ನಸುಕಿನಲ್ಲಿ ಎಬ್ಬಿಸಿ ಕಾರಿಗೆ ಹತ್ತಿಸಿದ ಮಗು ಗೇಟ್ ಹತ್ತಿರ ಬರುವಷ್ಟರಲ್ಲೇ ಅರ್ಧ ಸುಸ್ತು. ಹಿಂದಿನ ದಿನವೇ ಹೋಗಿ ಮಲಗಿ.

ಹೊರಡುವ ಮೊದಲು ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದಿಟ್ಟುಕೊಳ್ಳಿ. ರೈಡ್‌ಗಳಿಗೆ ಎತ್ತರದ ಮಿತಿ ಇರುತ್ತದೆ. ಅರ್ಧ ತಾಸು ಕ್ಯೂನಲ್ಲಿ ನಿಂತು ವಾಪಸ್ ಬಂದರೆ ಸುಸ್ತೂ ಆಯ್ತು, ಆಟವೂ ಇಲ್ಲ.

ಒಳಗೆ ಕಾಲಿಟ್ಟ ತಕ್ಷಣ ನೆರಳು, ಕುಡಿಯುವ ನೀರು, ಟಾಯ್ಲೆಟ್, ಫಸ್ಟ್ ಏಡ್ ಎಲ್ಲಿವೆ ನೋಡಿಕೊಳ್ಳಿ. ಆಮೇಲೆ ಫೋನಿನಲ್ಲಿ ತಾಸಿಗೊಂದು ಅಲಾರಂ ಇಡಿ. ಅಲಾರಂ ಹೊಡೆದಾಗ ಹದಿನೈದು ನಿಮಿಷ ನೆರಳಲ್ಲಿ ಕೂತು, ಬೂಟು ಬಿಚ್ಚಿ, ನೀರು ಕುಡಿಸಿ. "ಸುಸ್ತಾಯ್ತಾ?" ಅಂತ ಮಾತ್ರ ಕೇಳಬೇಡಿ. ಆಟದ ಗುಂಗಿನಲ್ಲಿರುವ ಮಗು ಹೌದು ಅನ್ನುತ್ತದಾ? "ನೀರು ಕುಡಿಯೋ ಟೈಮ್" ಅಂದರೆ ಸಾಕು. ಒಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪುಡಿಯನ್ನು ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಚೂರು ಚೂರು ಹಾಕುವುದಲ್ಲ.

ಊಟ ಹನ್ನೆರಡಕ್ಕೇ ಮುಗಿಸಿ, ಆಗ ಗದ್ದಲ ಕಮ್ಮಿ. ಒಂದರಿಂದ ಮೂರು ನಮ್ಮೂರಿನ ಲೆಕ್ಕ: ಅಡ್ಡಾಗುವ ಹೊತ್ತು. ಎಸಿ ಇರುವ ಶೋ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ನೆರಳಲ್ಲಿ ಒಂದು ಚಾದರ. ಒದ್ದೆ ಬಟ್ಟೆ ಬದಲಿಸಿ ಮಲಗಿಸಿ. ದೊಡ್ಡ ಮಗ ಸುಮ್ನೆ ಕೂರುವುದಿಲ್ಲ, ಅಲ್ವಾ? ಅವನ ಜೊತೆ ಅಪ್ಪ ಒಂದು ರೈಡ್‌ಗೆ ಹೋಗಲಿ, ಅಮ್ಮ ಚಿಕ್ಕವಳ ಹತ್ತಿರ ಇರಲಿ. ಆಮೇಲೆ ಅದಲು ಬದಲು. ಅಜ್ಜಿ ಬಂದಿದ್ದರೂ ಕಾವಲನ್ನು ಪೂರ್ತಿ ಅವರ ತಲೆಗೆ ಕಟ್ಟಬೇಡಿ. ಅವರೂ ನೋಡೋಕೆ ಬಂದವರೇ.

ತಲೆನೋವು, ತಲೆಸುತ್ತು, ವಾಂತಿ ಅಂದರೆ ಆಟ ನಿಲ್ಲಿಸಿ. ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಮೈ ಒರೆಸಿ. ಮಂಪರು ಕವಿದಂತಿದ್ದರೆ ತಡಮಾಡದೆ ಫಸ್ಟ್ ಏಡ್‌ನವರನ್ನು ಕರೆಯಿರಿ.

ನೀರಿನಾಟ ಎಷ್ಟಕ್ಕೆ ಮುಚ್ಚುತ್ತದೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಮಲಗೆದ್ದ ಮಗುವಿಗೆ ಅದೇ ಬೇಕು.

ಇನ್ನೊಂದು ಮಾತು. ವಂಡರ್‌ಲಾದಂಥ ಕಡೆ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅಜ್ಜಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಾರಲ್ಲೇ ಇರಲಿ. ಸಂಜೆ ಹೊರಗೆ ಬಂದಾಗ ಮಕ್ಕಳು ಮೊದಲು ಕೇಳುವುದು ಅದನ್ನೇ.