ಕಲಬುರಗಿಯ ಬಿಸಿಲಿನಲ್ಲಿ ಡೋಸಿಟ್ಯಾಕ್ಸೆಲ್ ನ್ಯಾನೊಕಣಗಳು: ನನ್ನ ಅನುಭವ

ಮೂರು ಬೇಸಿಗೆಗಳು ಕೈಕೊಟ್ಟ ಮೇಲೆ, ನಾಲ್ಕನೆಯ ಬೇಸಿಗೆಯ ಏಪ್ರಿಲ್‌ನಲ್ಲಿ, ಹೊರಗೆ 42 ಡಿಗ್ರಿ ಬಿಸಿಲಿರುವಾಗಲೇ, ಡೋಸಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ತುಂಬಿದ, ದೇಹದಲ್ಲಿ ಕ್ರಮೇಣ ಕರಗಿಹೋಗುವ ಪ್ಲಾಸ್ಟಿಕ್ಕಿನಂಥ ಪಾಲಿಮರ್ ಆದ ಪಿಎಲ್‌ಜಿಎ ನ್ಯಾನೊಕಣಗಳ ಮೂರು ಬ್ಯಾಚ್‌ಗಳು ಸಾಲಾಗಿ ಒಂದೇ ಅಳತೆಯಲ್ಲಿ ಬಂದವು. ಗಾತ್ರ 160 ನ್ಯಾನೊಮೀಟರ್ ಆಸುಪಾಸು, ಪಿಡಿಐ (ಗಾತ್ರದ ಏರುಪೇರಿನ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.12ರಿಂದ 0.15, ಝೀಟಾ ಪೊಟೆನ್ಷಿಯಲ್ (ಕಣದ ಮೇಲಿನ ವಿದ್ಯುದಾವೇಶದ ಅಳತೆ) ಮೈನಸ್ 24 ಮಿಲಿವೋಲ್ಟ್, ಎಂಟ್ರಾಪ್‌ಮೆಂಟ್ (ಕಣದೊಳಗೆ ಉಳಿದ ಔಷಧದ ಪಾಲು) ನೂರಕ್ಕೆ ಎಪ್ಪತ್ತರ ಮೇಲೆ. ದೊಡ್ಡ ಸಂಸ್ಥೆಗಳಲ್ಲಿ ಇರುವವರಿಗೆ ಇದು ವಿಶೇಷವೆನಿಸಲಿಕ್ಕಿಲ್ಲ. ಪ್ರೋಬ್ ಸೊನಿಕೇಟರ್ (ಶ್ರವಣಾತೀತ ಶಬ್ದದಿಂದ ಕಣಗಳನ್ನು ಸಣ್ಣದಾಗಿಸುವ ಉಪಕರಣ) ಇಲ್ಲದ, ಎ.ಸಿ. ಕೆಟ್ಟು ಎರಡು ವರ್ಷವಾಗಿದ್ದ ನಮ್ಮ ಪ್ರಯೋಗಾಲಯದಲ್ಲಿ ಇದು ಆಗದು ಎಂದೇ ಎಲ್ಲರೂ ತೀರ್ಮಾನಿಸಿದ್ದರು. "ಮೇಡಂ, ಹೈದರಾಬಾದಿಗೆ ಹೋಗಿ ಮಾಡ್ಕೊಂಡು ಬರ್ರಿ. ಈ ಬಿಸಿಲೊಳಗ ಪ್ಲಾಸ್ಟಿಕ್ ಕುರ್ಚೀನೇ ಮೆತ್ತಗಾಗ್ತಾವ, ನಿಮ್ಮ ಕಣ ಉಳೀತಾವೇನ್ರಿ?" ಎಂದು ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಅವರು ತಮಾಷೆಗೆ ಹೇಳಿದ ಮಾತೇ ನಿಜವಾದ ಕಾರಣವಾಗಿತ್ತು ಎಂಬುದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಡೋಸಿಟ್ಯಾಕ್ಸೆಲನ್ನೇ ಆರಿಸಿದ್ದು ಅದು ನೀರಿನಲ್ಲಿ ಕರಗದಿರುವುದರಿಂದ. ಅದಕ್ಕೂ ಮೊದಲು 5-ಫ್ಲೂರೊಯುರಾಸಿಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಇಟ್ಟುಕೊಂಡು ಆರು ತಿಂಗಳು ಹಾಳು ಮಾಡಿದ್ದೆ. ನೀರಿಗೆ ಒಲಿಯುವ ಆ ಔಷಧ ಕಣದೊಳಗೆ ನಿಲ್ಲದೆ ಹೊರಗಿನ ನೀರಿಗೇ ಓಡಿಹೋಗುತ್ತಿತ್ತು, ಎಂಟ್ರಾಪ್‌ಮೆಂಟ್ ನೂರಕ್ಕೆ ಹತ್ತನ್ನೂ ದಾಟಲಿಲ್ಲ. ಡೋಸಿಟ್ಯಾಕ್ಸೆಲ್ ಹಾಗಲ್ಲ. ಅದಕ್ಕೆ ನೀರು ಬೇಡ, ಪಾಲಿಮರ್ ಬೇಕು. ಮೇಲಾಗಿ ಈಗ ರೋಗಿಗಳಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಅದನ್ನು ಕರಗಿಸಲು ಹೆಚ್ಚಾಗಿ ಪಾಲಿಸಾರ್ಬೇಟ್ 80 ಬಳಸುತ್ತಾರೆ, ಅಲರ್ಜಿಯ ಭಯಕ್ಕೆ ಮೊದಲೇ ಡೆಕ್ಸಾಮೆಥಸೋನ್ ಕೊಡಬೇಕಾಗುತ್ತದೆ. ಇದೇ ಗುಂಪಿನ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಕರಗಿಸಲು ಹಾಕುವ ಕ್ರೆಮೊಫೋರ್‌ನ ಕಾಟವನ್ನು ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಕಣಗಳ ಮೂಲಕ ತಪ್ಪಿಸಿ 2005ರಲ್ಲೇ ಅಮೆರಿಕದಲ್ಲಿ ಮಾರುಕಟ್ಟೆಗೆ ತಂದಿದ್ದಾರೆ. ಆ ದಾರಿಯಲ್ಲಿ ಒಂದು ಸಣ್ಣ ಹೆಜ್ಜೆಯಾದರೂ ಇಡಬೇಕೆಂಬುದು ನನ್ನ ಆಸೆಯಾಗಿತ್ತು.

ವಿಧಾನ ಹಳೆಯದೇ, ನ್ಯಾನೊಪ್ರೆಸಿಪಿಟೇಷನ್. 100 ಮಿಲಿಗ್ರಾಂ ಪಿಎಲ್‌ಜಿಎ (50:50) ಮತ್ತು ಸುಮಾರು 8 ಮಿಲಿಗ್ರಾಂ ಔಷಧವನ್ನು ಅಸಿಟೋನ್‌ನಲ್ಲಿ ಕರಗಿಸಿ, ಮ್ಯಾಗ್ನೆಟಿಕ್ ಸ್ಟರರ್ ಮೇಲೆ ತಿರುಗುತ್ತಿರುವ, ಕಣಗಳು ಅಂಟದಂತೆ ತಡೆಯುವ ಪಿವಿಎಯ ನೀರಿನ ದ್ರಾವಣಕ್ಕೆ ಹನಿ ಹನಿಯಾಗಿ ಬಿಡುವುದು. ಡಿಸೆಂಬರ್, ಜನವರಿಯಲ್ಲಿ ಎಲ್ಲವೂ ಸರಿಯಾಗಿ ಬರುತ್ತಿತ್ತು. ಮಾರ್ಚ್ ಕಳೆದೊಡನೆ ಅಸಿಟೋನ್ ಆರಲೆಂದು ರಾತ್ರಿಯಿಡೀ ಬಿಟ್ಟ ಬೀಕರ್‌ನ ತಳದಲ್ಲಿ ಬೆಳಿಗ್ಗೆ ಬಬಲ್‌ಗಮ್ಮಿನಂಥ ಬಿಳಿಯ ಮುದ್ದೆ ಸಿಗುತ್ತಿತ್ತು. ಪಿವಿಎ ಹೆಚ್ಚಿಸಿದೆ, ಕಡಿಮೆ ಮಾಡಿದೆ, ನೀರನ್ನು ಎರಡೆರಡು ಸಲ ಬಟ್ಟಿ ಇಳಿಸಿದೆ, ಪಾಲಿಮರ್ ಕಳಿಸಿದ ವ್ಯಾಪಾರಿಯೊಡನೆ ಜಗಳವನ್ನೂ ಆಡಿದೆ. ಈ ಪಾಲಿಮರ್‌ನ ಗ್ಲಾಸ್ ಟ್ರಾನ್ಸಿಷನ್ ಉಷ್ಣಾಂಶ (ಗಟ್ಟಿಯಿದ್ದದ್ದು ಮೆತ್ತಗಾಗತೊಡಗುವ ಉಷ್ಣಾಂಶ) ಒಣಗಿದಾಗ 45 ಡಿಗ್ರಿಯ ಸುತ್ತಮುತ್ತ ಇದ್ದರೂ ನೀರು ಹೀರಿದ ಮೇಲೆ 30ರ ಸಮೀಪಕ್ಕೆ ಇಳಿಯುತ್ತದೆ ಎಂಬುದು ನಮಗೆಲ್ಲ ಓದಿ ಗೊತ್ತಿರುವ ವಿಷಯವೇ. ಆದರೆ ನಮ್ಮ ಕೋಣೆಯ ಉಷ್ಣಾಂಶವೇ ರಾತ್ರಿ 35, 36 ಇರುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಕಣಗಳು ಹುಟ್ಟುತ್ತಿದ್ದವು, ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಅಷ್ಟೇ.

ಕೊನೆಗೆ ಅದು ಹೊಳೆದ ಮೇಲೆ ಬೀಕರನ್ನು ಸ್ಟೀಲ್ ಬೋಗುಣಿಯ ಐಸಿನಲ್ಲಿಟ್ಟೆ. ಐಸು ಕಬ್ಬಿನ ಹಾಲಿನ ಅಂಗಡಿಯದು, ದಿನಕ್ಕೆ ನಲವತ್ತು ರೂಪಾಯಿ. ಅಸಿಟೋನನ್ನು ಗಾಳಿಗೆ ಬಿಡದೆ, ಒತ್ತಡ ಇಳಿಸಿ ಆವಿ ಮಾಡುವ ರೋಟರಿ ಇವಾಪೊರೇಟರ್‌ನಲ್ಲಿ ಬಿಸಿ ಮಾಡದೆ ತೆಗೆದೆ. ಅದನ್ನು ಎಷ್ಟರ ಮಟ್ಟಿಗೆ ತೆಗೆದು ನಿಲ್ಲಿಸಬೇಕು, ಹನಿ ಬಿಡುವ ಸೂಜಿಯ ತುದಿ ಎಲ್ಲಿರಬೇಕು ಎಂಬೆರಡು ಮಾತುಗಳನ್ನು ನನ್ನ ವಿದ್ಯಾರ್ಥಿನಿಯ ಪ್ರಬಂಧ ಮುಗಿಯುವವರೆಗೆ ಇಲ್ಲಿ ಬರೆಯಲಾರೆ. ಪಿಡಿಐ 0.3ರಿಂದ 0.15ಕ್ಕೆ ಇಳಿದದ್ದು ಆ ಎರಡರಿಂದಲೇ. ನಮ್ಮ ಭಾಗದ ಎಲ್ಲ ಮನೆಗಳಂತೆ ಪ್ರಯೋಗಾಲಯಕ್ಕೂ ಒಂದು ಕೂಲರ್ ತಂದಿಟ್ಟಿದ್ದೆ. ಕೋಣೆಯೇನೋ ತಂಪಾಯಿತು, ಆದರೆ ಅದರ ತೇವಕ್ಕೆ, ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದ, ಅಂದರೆ ಫ್ರೀಜ್‌ ಡ್ರೈ ಮಾಡಿದ ಪುಡಿ ವಯಲ್ ತೆರೆದ ಹತ್ತು ನಿಮಿಷದಲ್ಲಿ ಕುಸಿದು ಕುಳಿತಿತು. ಈಗ ವಯಲ್ ತೆರೆಯುವ ದಿನ ಕೂಲರ್ ಬಂದ್.

ಫ್ರೀಜ್‌ ಡ್ರೈಯಿಂಗ್‌ನಲ್ಲಿ ಕಣಗಳನ್ನು ಕಾಪಾಡಲು ಬೆರೆಸಿದ ಮ್ಯಾನಿಟಾಲ್ ನನಗೆ ಮೋಸ ಮಾಡಿತು. ಪುಡಿ ನೋಡಲು ಹತ್ತಿಯಂತೆ ಅಂದವಾಗಿತ್ತು, ನೀರಿಗೆ ಹಾಕಿದರೆ ಕಣದ ಗಾತ್ರ 400 ದಾಟಿತ್ತು. ಬದಲಿಗೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ನೂರಕ್ಕೆ ಐದರಂತೆ ಹಾಕಿದಾಗ 160 ಇದ್ದದ್ದು 180ರೊಳಗೆ ಮರಳಿತು. ನಡುವೆ ಕರೆಂಟ್ ಹೋದರೆ ಬ್ಯಾಚೇ ಹೋದಂತೆ. ಇಡೀ ಯಂತ್ರವನ್ನು ಇನ್ವರ್ಟರ್‌ಗೆ ಕೊಟ್ಟಾಗ ಕಂಪ್ರೆಸರ್ ಎಳೆಯುವ ಕರೆಂಟಿಗೆ ಅದು ಟ್ರಿಪ್ ಆಗುತ್ತಿತ್ತು. ಕೊನೆಗೆ ವ್ಯಾಕ್ಯೂಮ್ ಪಂಪನ್ನು ಮಾತ್ರ ಇನ್ವರ್ಟರ್ ಮೇಲೆ ಹಾಕಿದೆ. ಕಂಡೆನ್ಸರ್ ತಣ್ಣಗಿರುವ ಹತ್ತಿಪ್ಪತ್ತು ನಿಮಿಷ ಹಾಗೆ ಕಾಯ್ದರೆ ಬಹಳಷ್ಟು ಸಲ ಸಾಕಾಗುತ್ತದೆ.

ಎಲ್ಲಕ್ಕಿಂತ ನಾಚಿಕೆಯಾದದ್ದು ಔಷಧ ಬಿಡುಗಡೆಯ ಪ್ರಯೋಗದಲ್ಲಿ. ಡಯಾಲಿಸಿಸ್ ಚೀಲದಿಂದ (ಔಷಧವನ್ನು ಹೊರಬಿಟ್ಟು ಕಣಗಳನ್ನು ಒಳಗೇ ತಡೆಯುವ ಪೊರೆಯ ಚೀಲ) ಹದಿನೈದು ದಿನಗಳಲ್ಲಿ ನೂರಕ್ಕೆ ಇಪ್ಪತ್ತು ಮಾತ್ರ ಹೊರಬಂದಾಗ ಎಂಥ ನಿಯಂತ್ರಿತ ಬಿಡುಗಡೆ ಎಂದು ವಿಭಾಗದಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಬರೀ ಔಷಧವನ್ನು ಚೀಲಕ್ಕೆ ಹಾಕಿ ನೋಡಿದಾಗ ಅದೂ ಹಾಗೆಯೇ ನಿಧಾನವಾಗಿತ್ತು! ಹೊರಗಿನ ಬಫರ್‌ನಲ್ಲಿ ಔಷಧ ಕರಗಲು ಜಾಗವೇ ಇರಲಿಲ್ಲ. ಟ್ವೀನ್ 80 ಸೇರಿಸಿದ ಮೇಲೆ ನಿಜ ಹೊರಬಿತ್ತು: ಮೊದಲ ದಿನವೇ ಸುಮಾರು ಮೂರನೇ ಒಂದು ಭಾಗ, ಉಳಿದದ್ದು ಏಳೆಂಟು ದಿನಗಳಲ್ಲಿ. ಪಾಲಿಸಾರ್ಬೇಟ್ ಬೇಡವೆಂದು ಹೊರಟವಳು ಅಳತೆಗಾಗಿ ಅದನ್ನೇ ಕೊಂಡು ತರಬೇಕಾಯಿತು, ಏಕೆಂದರೆ ಟ್ವೀನ್ 80 ಎಂದರೂ ಅದೇ.

ಜೀವಕೋಶದ ಪರೀಕ್ಷೆಯನ್ನು ಹೊರಗೆ ಮಾಡಿಸಿದೆ. ತಂಬಾಕು ಜಗಿಯುವವರ ನಾಡಿನವಳಾದ್ದರಿಂದ ಬಾಯಿಯ ಕ್ಯಾನ್ಸರ್ ಕೋಶಗಳೇ ಬೇಕೆಂದಿದ್ದೆ. ಪರೀಕ್ಷೆ ಮಾಡುವವರು ಬಾಯಿಯ ಕ್ಯಾನ್ಸರಿನದೆಂದು ಹೆಸರಾದ ಕೆಬಿ ಕೋಶ ಕೊಡುತ್ತೇವೆಂದರು. ಅದು ವಾಸ್ತವದಲ್ಲಿ ಗರ್ಭಕಂಠದ ಕ್ಯಾನ್ಸರಿನ ಹೀಲಾ ಕೋಶವೇ ಎಂಬುದು ಸಾಬೀತಾಗಿರುವುದರಿಂದ ಬೇಡವೆಂದು ಸ್ತನ ಕ್ಯಾನ್ಸರಿನ ಎಂಸಿಎಫ್-7 ಆರಿಸಿದೆ. 24 ಗಂಟೆಯ ಎಂಟಿಟಿಯಲ್ಲಿ (ಬದುಕುಳಿದ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ನನ್ನ ಕಣಗಳು ಬರೀ ಔಷಧಕ್ಕಿಂತ ಹಿಂದೆ ಬಿದ್ದವು. ಔಷಧ ಇನ್ನೂ ಕಣದೊಳಗೇ ಇದೆಯಲ್ಲ! 72 ಗಂಟೆಗೆ ಎರಡೂ ಸಮವಾದವು, ಔಷಧವಿಲ್ಲದ ಖಾಲಿ ಕಣಗಳು ಕೋಶಗಳಿಗೆ ಏನೂ ಮಾಡಲಿಲ್ಲ. ಪ್ರಾಣಿಗಳ ಮೇಲಿನ ಕೆಲಸ ಇನ್ನೂ ಆಗಿಲ್ಲ, ಆದ್ದರಿಂದ ಗೆಡ್ಡೆಗೆ ತಲುಪುತ್ತದೆ ಎಂದು ನಾನು ಎಲ್ಲಿಯೂ ಹೇಳುವುದಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಪಾಲಿಮರ್ ಗ್ರಾಂಗೆ ಹತ್ತು ಹನ್ನೆರಡು ಸಾವಿರ, ಅರವತ್ತು ಬ್ಯಾಚ್ ಮಾಡಿರಬಹುದು. ಗಾತ್ರದ ಪರೀಕ್ಷೆ ಒಂದಕ್ಕೆ ಐದುನೂರು, ಕೋಶದ ಪರೀಕ್ಷೆ ಮೂವತ್ತೈದು ಸಾವಿರ, ಇನ್ವರ್ಟರ್ ಇಪ್ಪತ್ತೈದು ಸಾವಿರ. ಎಲ್ಲ ಸೇರಿ ಒಂದು ಲಕ್ಷ ಎಂಬತ್ತು ಸಾವಿರ. ಅದರಲ್ಲಿ ಅರವತ್ತು ಸಾವಿರ ಕಾಲೇಜಿನದು, ಉಳಿದದ್ದು ನನ್ನ ಸಂಬಳದ್ದು. ಗಾತ್ರ ಅಳೆಸಲು ಹೈದರಾಬಾದಿಗೆ ಮಾದರಿ ಒಯ್ಯುವಾಗ ವಾಡಿಯಲ್ಲಿ ರೈಲು ಎರಡು ಗಂಟೆ ನಿಂತು, ಥರ್ಮಾಕೋಲ್ ಪೆಟ್ಟಿಗೆಯ ಐಸು ಕರಗಿ, ಒಮ್ಮೆ ಹನ್ನೆರಡು ಮಾದರಿಗಳು ಹೋದವು. ಆಮೇಲೆ ಕಣ್ಣಳತೆ ಕಲಿತೆ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ನಸುನೀಲಿ ಮಿನುಗಿದರೆ ಕಳಿಸುವುದು, ಹಾಲಿನಂತೆ ಬೆಳ್ಳಗಿದ್ದರೆ ಚೆಲ್ಲುವುದು. ಚೆಲ್ಲುವುದೆಂದರೆ ಸಿಂಕಿಗಲ್ಲ, ಸೈಟೊಟಾಕ್ಸಿಕ್ ತ್ಯಾಜ್ಯದ ಡಬ್ಬಿಗೆ.

ಮಧ್ಯೆ ತೊಗರಿಯ ಪ್ರೋಟೀನಿನಿಂದ ಆಲ್ಬುಮಿನ್ ಮಾದರಿಯ ಕಣ ಮಾಡಲು ಹೋಗಿ ಒಂದು ತಿಂಗಳು ಕಳೆದೆ. ಆಲ್ಕೊಹಾಲ್ ಹಾಕಿದೊಡನೆ ಮೊಸರಿನಂತೆ ಒಡೆಯಿತು, ಸಿಕ್ಕ ಕಣಗಳೂ 500ರ ಮೇಲೆ. ಬಿಟ್ಟಿಲ್ಲ, ಮಳೆಗಾಲದಲ್ಲಿ ಮತ್ತೆ ಕೈಹಾಕುತ್ತೇನೆ.

ಫ್ರಿಜ್‌ನಲ್ಲಿಟ್ಟ ವಯಲ್‌ಗಳು ಆರು ತಿಂಗಳ ನಂತರವೂ 190ರೊಳಗಿವೆ. ಪರೀಕ್ಷೆಗೆಂದು ಬೇಕೆಂತಲೇ ಮೇಜಿನ ಮೇಲೆ ಬಿಟ್ಟ ಎರಡು ವಯಲ್‌ಗಳು ಮೇ ಕೊನೆಯ ಹೊತ್ತಿಗೆ ಮತ್ತೆ ಆ ಬಿಳಿಯ ಮುದ್ದೆಯೇ ಆಗಿದ್ದವು.